ಅಮ್ಮನ ಚುಕ್ಕೆ, ನನ್ನ ಗೀಟು

ನಮ್ಮನೆ ಅಡುಗೆಮನೆ ಬಾಗಿಲ ಹಿಂದೆ ಪ್ರತಿ ವರ್ಷ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತಾಡ್ತಿರುತ್ತೆ. ಅಮ್ಮನಿಗೆ ಅದರಲ್ಲಿ ತಿಥಿ ನಕ್ಷತ್ರಕ್ಕಿಂತ ಮುಖ್ಯ ಹಾಲಿನ ಲೆಕ್ಕ. ಬೆಳಿಗ್ಗೆ ಹಾಲಿನ ಹುಡುಗ ಎಷ್ಟು ಪ್ಯಾಕೆಟ್ ಹಾಕಿದ ಅಂತ ಆ ತಾರೀಕಿನ ಚೌಕದೊಳಗೆ ಪೆನ್ಸಿಲಲ್ಲಿ ಒಂದು ಅಂಕಿ ಬರೀತಾರೆ, ತಿಂಗಳ ಕೊನೆಗೆ ನಾನು ಕೂಡಿ ದುಡ್ಡು ಕೊಡಬೇಕು, ಅಷ್ಟೆ. ವರ್ಷ ಮುಗಿದ್ರೆ ಕ್ಯಾಲೆಂಡರ್ ರದ್ದಿಗೆ ಹೋಗುತ್ತೆ. 2024ರದ್ದು ಮಾತ್ರ ಹೋಗಿಲ್ಲ, ಬೀರುವಿನಲ್ಲಿ ಬಟ್ಟೆ ಕೆಳಗೆ ಮಡಿಸಿ ಇಟ್ಟಿದೀನಿ. ಅದರ ಜುಲೈಯಿಂದ ಅಕ್ಟೋಬರ್‌ವರೆಗಿನ ಹಾಳೆಗಳಲ್ಲಿ ಹಾಲಿನ ಅಂಕಿ ಪಕ್ಕ ನನ್ನ ಗೀಟುಗಳಿವೆ, ಅಮ್ಮನ ಚುಕ್ಕೆಗಳಿವೆ. ನಮ್ಮ ನಾಯಿ ಕೆಂಚಿಯ ಕೊನೇ ಮೂರು ತಿಂಗಳ ಲೆಕ್ಕ ಅದು.

ವಯಸ್ಸಾದ ನಾಯಿ ಇರೋ ಸ್ನೇಹಿತರು ಈಗ ನನ್ನನ್ನ ಕೇಳ್ತಾರೆ, ಸೂಜಿ ಹಾಕಿಸಿ ನೋವಿಲ್ಲದೆ ಕಳಿಸಿಕೊಡೋ ಟೈಮ್ ಬಂತು ಅಂತ ನಿಂಗೆ ಹೇಗೆ ಗೊತ್ತಾಯ್ತು ಅಂತ. ನಾನೂ ಆಗ ಎಲ್ಲರನ್ನೂ ಇದನ್ನೇ ಕೇಳಿದ್ದೆ, ಎಲ್ಲರೂ ಒಂದೇ ಉತ್ತರ ಕೊಟ್ಟಿದ್ರು: ಅದೇ ಹೇಳುತ್ತೆ ಬಿಡು, ಕಣ್ಣು ನೋಡಿದ್ರೆ ಗೊತ್ತಾಗುತ್ತೆ. ನಾನು ಮೂರು ತಿಂಗಳು ಅವಳ ಕಣ್ಣನ್ನೇ ನೋಡ್ತಾ ಕೂತೆ. ಅವಳು ನನಗೆ ಏನೂ ಹೇಳಲಿಲ್ಲ. ಅಥವಾ ನಾನಿದ್ದ ಹೊತ್ತಲ್ಲಿ ಹೇಳಲಿಲ್ಲ, ಅದನ್ನೇ ಬರೆಯೋಣ ಅಂತ ಕೂತಿದೀನಿ.

ಕೆಂಚಿ ಬಂದಿದ್ದು 2010ರ ಮಳೆಗಾಲದಲ್ಲಿ. ಮದ್ದೂರಿನ ಹತ್ರ ನಮ್ಮೂರಲ್ಲಿ ಕಬ್ಬಿನ ಗದ್ದೆ ಬದುವಿನ ಮೇಲೆ ನೆಂದು ಮುದ್ದೆಯಾಗಿ ಕೂತಿದ್ದ ಕೆಂಪು ಮರಿ, ಅಪ್ಪ ಟವೆಲಲ್ಲಿ ಸುತ್ಕೊಂಡು ಮೈಸೂರಿಗೆ ಬಸ್ಸಲ್ಲಿ ತಂದಿದ್ರು. ಬೀದಿನಾಯಿ ಜಾತಿ, ಮೈ ಕೆಂಪು, ಬಾಲದ ತುದಿ ಮಾತ್ರ ಬಿಳಿ, ಹೆಸರಿಡೋಕೆ ಯಾರೂ ಯೋಚನೆನೇ ಮಾಡಲಿಲ್ಲ. ಹನ್ನೆರಡು ವರ್ಷದವರೆಗೂ ಒಂದು ದಿನ ಹುಷಾರು ತಪ್ಪಿದ್ದು ಅಂದ್ರೆ ಉಣ್ಣಿ ಹುಳ ಕಚ್ಚಿ ಬಂದ ಜ್ವರ ಒಂದೇ. ಅದಾದ್ಮೇಲೆ 2023ರಲ್ಲಿ ಹಿಂಗಾಲು ಎಳೆಯೋಕೆ ಶುರುವಾಯ್ತು. ಮೊದಲು ತೋರಿಸಿದ ಕಡೆ ವಯಸ್ಸಾಯ್ತು, ಕೀಲುನೋವು ಅಂತ ಹೇಳಿ ನೋವಿನ ಮಾತ್ರೆ ಬರೆದುಕೊಟ್ರು, ನಾವು ರಕ್ತ ಪರೀಕ್ಷೆ ಇಲ್ಲದೆ ಐದಾರು ತಿಂಗಳು ಅದನ್ನೇ ಕೊಟ್ವಿ. ಆಮೇಲೆ ಅವಳು ಬಕೆಟ್ಟಿಗೆ ಬಾಯಿಟ್ಟು ನೀರು ಕುಡಿಯೋದು, ರಾತ್ರಿ ಮೂರು ಸಲ ಹೊರಗೆ ಹೋಗಬೇಕು ಅನ್ನೋದು ಜಾಸ್ತಿಯಾಗಿ ಬೇರೆ ಡಾಕ್ಟರ ಹತ್ರ ಹೋದಾಗ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋತಾಗ ರಕ್ತದಲ್ಲಿ ಏರೋ ಅಂಶ, 3.4 ಇತ್ತು. ಆ ಮಾತ್ರೆಯಿಂದಲೇ ಆಯ್ತು ಅಂತ ಹೇಳೋಕಾಗಲ್ಲ, ಮುದಿ ನಾಯಿಗಳಿಗೆ ಕಿಡ್ನಿ ತಾನಾಗೇ ಸೋಲುತ್ತೆ, ಕಿಡ್ನಿ ಸುಮಾರು ಮುಕ್ಕಾಲು ಪಾಲು ಕೈಕೊಡೋವರೆಗೂ ಕ್ರಿಯಾಟಿನಿನ್ ಏರೋದೇ ಇಲ್ಲವಂತೆ. ಆದ್ರೂ ನೋವಿನ ಮಾತ್ರೆ ದಿನಾ ಕೊಡೋ ಮುಂಚೆ, ಕೊಡ್ತಿರೋವಾಗ್ಲೂ, ಕಿಡ್ನಿ ಲಿವರ್ ಪರೀಕ್ಷೆ ಮಾಡಿಸಬೇಕು ಅನ್ನೋದನ್ನ ನಾನು ಕೇಳಿ ತಿಳ್ಕೋಬೇಕಿತ್ತು. ಇದನ್ನ ಓದ್ತಿರೋರು ದಯವಿಟ್ಟು ಕೇಳಿ.

ಕಿಡ್ನಿ ಮತ್ತು ಕೀಲು ಎರಡೂ ಒಟ್ಟಿಗೆ ಕೆಟ್ಟರೆ ಆಗೋ ಕಷ್ಟ ಏನಂದ್ರೆ, ಕೀಲುನೋವಿಗೆ ಚೆನ್ನಾಗಿ ಕೆಲಸ ಮಾಡೋ ಮಾತ್ರೆ ಕಿಡ್ನಿಗೆ ಆಗಲ್ಲ. ಅದನ್ನ ನಿಲ್ಲಿಸಿ ಗ್ಯಾಬಪೆಂಟಿನ್ ಅನ್ನೋ ಬೇರೆ ಥರದ ನೋವಿನ ಔಷಧಿ ಕೊಟ್ರು, ಅದು ಕೊಟ್ಟ ಮೊದಲ ವಾರ ಅಮಲು ಬಂದವಳ ಹಾಗೆ ಗೋಡೆ ಹಿಡ್ಕೊಂಡು ನಡೀತಿದ್ಲು. ಎರಡು ದಿನಕ್ಕೊಂದು ಸಲ ಚರ್ಮದಡಿಗೆ ಆರ್‌ಎಲ್ ಅನ್ನೋ ಡ್ರಿಪ್ಪಿನ ಉಪ್ಪುನೀರು ಇನ್ನೂರು ಎಂಎಲ್. ಅದನ್ನ ಮನೇಲೇ ಹಾಕೋಕೆ ಡಾಕ್ಟರು ನನಗೆ ಹೇಳಿಕೊಟ್ರು: ಕಿಟಕಿ ಸರಳಿಗೆ ಬಾಟಲು ಕಟ್ಟಿ, ಭುಜದ ನಡುವೆ ಚರ್ಮ ಎತ್ತಿ ಹಿಡಿದು ಸೂಜಿ ಚುಚ್ಚೋದು, ಹತ್ತು ನಿಮಿಷದಲ್ಲಿ ಅಲ್ಲೊಂದು ಗಡ್ಡೆ ಥರ ಉಬ್ಬುತ್ತೆ, ಸಾಯಂಕಾಲದೊಳಗೆ ಅದು ಜಾರಿ ಮುಂಗಾಲಿನ ಹತ್ರ ಬಂದು ನಿಧಾನಕ್ಕೆ ಇಂಗಿಹೋಗುತ್ತೆ. ಮೊದಲ ಸಲ ನನ್ನ ಕೈ ನಡುಗಿತ್ತು. ಅವಳು ತಿರುಗಿ ನನ್ನ ಮಣಿಕಟ್ಟು ನೆಕ್ಕಿ ಸುಮ್ಮನಾದ್ಲು.

ಜುಲೈ ಹೊತ್ತಿಗೆ ಕ್ರಿಯಾಟಿನಿನ್ 4.7. ಐದು ದಾಟಿದ್ರೆ ಕಿಡ್ನಿ ಕಾಯಿಲೆಯ ನಾಲ್ಕನೇ ಹಂತ, ಅದೇ ಕೊನೇದು. ಆಗ ಡಾಕ್ಟರು ಹೇಳಿದ್ದು, ಇನ್ಮೇಲೆ ರಿಪೋರ್ಟ್ ನೋಡೋದು ಕಮ್ಮಿ ಮಾಡಿ, ದಿನ ನೋಡಿ, ಒಳ್ಳೆ ದಿನ ಎಷ್ಟು ಕೆಟ್ಟ ದಿನ ಎಷ್ಟು ಅಂತ ಎಲ್ಲಾದ್ರೂ ಬರೆದಿಡಿ, ನೆನಪನ್ನ ನಂಬಬೇಡಿ ಅಂತ. ಅಮೆರಿಕದ ಆಲಿಸ್ ವಿಲ್ಲಲೋಬೋಸ್ ಅನ್ನೋ ಪಶುವೈದ್ಯೆ, ಪ್ರಾಣಿಗಳ ಕ್ಯಾನ್ಸರ್ ನೋಡೋರು, 2004ರಲ್ಲಿ ಮಾಡಿದ ಒಂದು ಪಟ್ಟಿನೂ ತೋರಿಸಿದ್ರು. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಮತ್ತೆ ಕೆಟ್ಟ ದಿನಕ್ಕಿಂತ ಒಳ್ಳೆ ದಿನ ಜಾಸ್ತಿ ಇದೆಯಾ ಅನ್ನೋದು, ಹೀಗೆ ಏಳು ವಿಷಯ, ಒಂದೊಂದಕ್ಕೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಒಟ್ಟು ಮೂವತ್ತೈದು ದಾಟಿದ್ರೆ ಬದುಕು ಸಹಿಸೋ ಹಾಗಿದೆ ಅಂತ. ಅವತ್ತು ರಾತ್ರಿ ನಾನು ಅಂಕ ಹಾಕಿದೆ. ನಲವತ್ತನಾಲ್ಕು ಬಂತು. ಎಷ್ಟು ಸಮಾಧಾನ ಆಯ್ತು ಅಂದ್ರೆ ಆ ಚೀಟಿನ ಫ್ರಿಜ್ ಮೇಲೆ ಅಂಟಿಸಿದೆ.

ಕ್ಯಾಲೆಂಡರ್‌ನಲ್ಲಿ ಗೀಟು ಎಳೆಯೋಕೆ ಶುರು ಮಾಡಿದ್ದು ಆಗಲೇ. ಒಳ್ಳೆ ದಿನಕ್ಕೆ ನೆಟ್ಟಗೆ ಒಂದು ಗೀಟು, ಕೆಟ್ಟ ದಿನಕ್ಕೆ ಅಡ್ಡ ಗೀಟು. ಆಫೀಸಿಂದ ಏಳು ಗಂಟೆಗೆ ಬಂದು, ಕೈಕಾಲು ತೊಳೆದು, ಅವಳ ಜೊತೆ ಅರ್ಧ ಗಂಟೆ ಕೂತು, ಆಮೇಲೆ ಎಳೀತಿದ್ದೆ. ನಾನು ಗೇಟ್ ತೆಗೆದ ತಕ್ಷಣ ಎದ್ದು ಬರೋಳು. ಕಿವಿ ಕೇಳಿಸ್ತಿರಲಿಲ್ಲ, ಸೆಪ್ಟೆಂಬರ್ 7ರ ಗಣೇಶನ ಹಬ್ಬದಲ್ಲಿ ಬೀದಿ ತುಂಬ ಪಟಾಕಿ ಹೊಡೆದ್ರೂ, ಹಿಂದೆಲ್ಲ ಮಂಚದಡಿ ಸೇರ್ಕೊಂಡು ನಡುಗ್ತಿದ್ದೋಳು, ಮಲಗಿದ ಕಡೆಯಿಂದ ಅಲುಗಲಿಲ್ಲ. ಆದ್ರೆ ನಾನು ಬಂದಿದ್ದು ಮಾತ್ರ ಹೇಗೋ ತಿಳಿಯೋದು, ನೆಲದ ಅದುರಿನಲ್ಲೋ ವಾಸನೆಯಲ್ಲೋ. ಬಾಲ ಅಲ್ಲಾಡಿಸ್ಕೊಂಡು ಬಾಗಿಲವರೆಗೂ ಬರೋಳು, ನಾನು ಕೈಯಲ್ಲಿ ತಿನ್ನಿಸಿದ್ರೆ ಅನ್ನಕ್ಕೆ ಕಲಸಿದ ಮೊಟ್ಟೆ ಬಿಳಿ ನಾಲ್ಕು ತುತ್ತು ತಿನ್ನೋಳು. ನೆಟ್ಟಗೆ ಗೀಟು. ಆಗಸ್ಟ್ ತಿಂಗಳಲ್ಲಿ ಇಪ್ಪತ್ತೆರಡು ನೆಟ್ಟಗೆ, ಒಂಬತ್ತು ಅಡ್ಡ.

ಆಗಸ್ಟ್ 31 ಶನಿವಾರ, ಹಾಲಿನ ಲೆಕ್ಕ ಕೂಡೋಕೆ ಕೂತಾಗ ನೋಡಿದೆ, ಅಂಕಿ ಕೆಳಗೆ ಅಲ್ಲಲ್ಲಿ ಪೆನ್ಸಿಲ್ ಚುಕ್ಕೆ. ಹುಡುಗ ತಡವಾಗಿ ಬಂದ ದಿನಕ್ಕೇನೋ ಗುರುತು ಇರಬಹುದು ಅಂದ್ಕೊಂಡು ಅಮ್ಮನ್ನ ಕೇಳಿದೆ. ಅಮ್ಮ ಕೊತ್ತಂಬರಿ ಸೊಪ್ಪು ಸೋಸ್ತಾ ಇದ್ರು, ತಲೆ ಎತ್ತಲಿಲ್ಲ.

"ನೀನು ಗೀಟು ಎಳೀತಿದ್ದಲ್ಲಪ್ಪ, ನಾನೂ ಇಕ್ಕಿವ್ನಿ. ಅವ್ಳು ಹಗಲೊತ್ತು ನೋವು ತಿಂದ ದಿನಕ್ಕೆ ಒಂದು ಚುಕ್ಕೆ."

ಎಣಿಸಿದೆ. ಹತ್ತೊಂಬತ್ತು ಚುಕ್ಕೆ ಇತ್ತು. ಅದರಲ್ಲಿ ಹತ್ತು ಚುಕ್ಕೆ ನನ್ನ ನೆಟ್ಟನೆ ಗೀಟಿನ ಪಕ್ಕದಲ್ಲೇ.

ನನಗೆ ಮೊದಲು ಸಿಟ್ಟು ಬಂತು, ಇದನ್ನ ಮುಚ್ಚಿಡಲ್ಲ. ಅಮ್ಮನಿಗೆ ಏನ್ ಗೊತ್ತು, ಮಲಗಿದ್ರೆ ನೋವು ಅಂದ್ಕೋತಾರೆ ಅಂತ ಅನ್ನಿಸ್ತು. ನಾನು ಬಂದಾಗ ಚೆನ್ನಾಗೇ ಇರ್ತಾಳಲ್ಲಮ್ಮ ಅಂದೆ. ಅದಕ್ಕೆ ಅಮ್ಮ ಅಂದಿದ್ದು, "ನೀನು ಬಂದೆ ಅಂತ ಎದ್ದು ಬತ್ತಾಳೆ ಕಣ್ ಮಗ. ನೀನು ರೂಮಿಗೋದ್ಮೇಲೆ ಬಿದ್ದೋಯ್ತಾಳೆ."

ಡಾಕ್ಟರಿಗೆ ಹೇಳಿದಾಗ ಅವರಿಗೇನೂ ಆಶ್ಚರ್ಯ ಆಗಲಿಲ್ಲ. ಇಷ್ಟದವರು ಬಂದಾಗ, ಹೊಸ ಜಾಗಕ್ಕೆ ಹೋದಾಗ ನಾಯಿ ಹುರುಪಿನಲ್ಲಿ ನೋವನ್ನ ಸ್ವಲ್ಪ ಹೊತ್ತು ಅದುಮಿಡುತ್ತೆ, ಅದಕ್ಕೇ ನಮ್ಮ ಟೇಬಲ್ ಮೇಲೂ ಎಲ್ಲ ನಾಯಿನೂ ನೆಟ್ಟಗೆ ನಿಲ್ಲುತ್ತೆ, ಇಲ್ಲಿ ನೋಡಿ ನಾನು ಏನೂ ಹೇಳೋಕಾಗಲ್ಲ, ಮಧ್ಯಾಹ್ನ ಎರಡು ಗಂಟೆಗೆ ಮನೇಲಿ ಯಾರೂ ಅವಳನ್ನ ಮಾತಾಡಿಸದೆ ಇರೋವಾಗ ಒಂದು ವೀಡಿಯೊ ಮಾಡಿ ಕಳಿಸಿ ಅಂದ್ರು.

ಅಮ್ಮ ಮಾಡಿದ್ರು. ನಾಲ್ಕು ನಿಮಿಷದ ವೀಡಿಯೊ. ಆಫೀಸ್ ಕ್ಯಾಂಟೀನಲ್ಲಿ ಕೂತು ನೋಡಿದೆ. ಹಿತ್ತಲ ಬಾಗಿಲ ಹತ್ರ ಅವಳ ಗೋಣಿಚೀಲದ ಹಾಸಿಗೆ, ಅದರ ಮೇಲೆ ಕೆಂಚಿ ನಿಂತಿದಾಳೆ. ಮಲಗಬೇಕು ಅವಳಿಗೆ. ಒಂದು ಸುತ್ತು ಸುತ್ತುತಾಳೆ, ಹಿಂಗಾಲು ಮಡಿಸೋಕೆ ನೋಡ್ತಾಳೆ, ತೊಡೆ ಪಟಪಟ ನಡುಗುತ್ತೆ, ಮತ್ತೆ ಎದ್ದು ನಿಲ್ತಾಳೆ. ಇನ್ನೊಂದು ಸುತ್ತು. ಬಾಯಿ ತೆಗೆದು ಏದುಸಿರು ಬಿಡ್ತಾಳೆ, ಬಿಸಿಲಿಲ್ಲ, ಓಡಿಲ್ಲ, ಮೋಡ ಮುಚ್ಚಿದ ದಿನ ಅದು. ಪಕ್ಕದಲ್ಲಿದ್ದ ಒರಳುಕಲ್ಲಿಗೆ ಮೈ ಆನಿಸಿ, ತಲೆ ತಗ್ಗಿಸಿ, ಕಣ್ಣು ಅರೆ ಮುಚ್ಚಿ ಹಾಗೇ ನಿಂತೇ ತೂಕಡಿಸ್ತಾಳೆ. ಒಂದು ಸಲ ಮುಂಗಾಲು ಜಾರಿ ಎಚ್ಚರಾಗಿ ಗಾಬರಿಯಿಂದ ಮತ್ತೆ ಒರಳಿಗೆ ಒರಗ್ತಾಳೆ. ಒಂದು ಸಲನೂ ಕುಂಯ್ ಅನ್ನಲ್ಲ. ಎದುರುಮನೆ ಟೀವಿ ಸೀರಿಯಲ್ ಸದ್ದು ಬಿಟ್ರೆ ಏನೂ ಇಲ್ಲ, ಅಮ್ಮನೂ ಮಾತಾಡಲ್ಲ. ನಾಲ್ಕು ನಿಮಿಷದಲ್ಲಿ ಅವಳಿಗೆ ಮಲಗೋಕೆ ಆಗಲೇ ಇಲ್ಲ.

ನೋವು ಅಂದ್ರೆ ಅರಚುತ್ತೆ, ಕುಂಟುತ್ತೆ, ಊಟ ಬಿಡುತ್ತೆ ಅಂತ ನಾವು ಕಾಯ್ತಾ ಕೂರ್ತೀವಿ. ಹಳೇ ನೋವು ಹಾಗಿರಲ್ಲ. ಅದು ರಾತ್ರಿ ಸುಮ್ಮನೆ ಏದುಸಿರು ಬಿಡೋದರಲ್ಲಿ ಇರುತ್ತೆ, ಮಲಗೋಕೆ ಹತ್ತು ಸಲ ಜಾಗ ಬದಲಿಸೋದರಲ್ಲಿ, ಒಂದೇ ಕೀಲನ್ನ ಕೂದಲು ಉದುರೋ ಹಾಗೆ ನೆಕ್ಕೋದರಲ್ಲಿ, ತೊಡೆ ಮಾಂಸ ಕರಗಿ ಸೊಂಟದ ಮೂಳೆ ಕೈಗೆ ಸಿಗೋದರಲ್ಲಿ. ಕೆಂಚಿ ಹದಿನೇಳು ಕೆಜಿ ಇದ್ದೋಳು ಹನ್ನೆರಡೂವರೆಗೆ ಇಳಿದಿದ್ಲು, ನಾನು ಅದನ್ನ ಕಿಡ್ನಿ ಪಥ್ಯದ ಲೆಕ್ಕಕ್ಕೆ ಹಾಕಿದ್ದೆ. ಊಟ ಮಾಡ್ತಿದಾಳಲ್ಲ ಅನ್ನೋದೊಂದನ್ನೇ ಹಿಡ್ಕೊಂಡಿದ್ದೆ. ನಮ್ಮ ಕಡೆ ಮನುಷ್ಯರ ವಿಷಯದಲ್ಲೂ ಹಾಗೇ ತಾನೆ, ಉಣ್ತಾ ಇದ್ರೆ ಗಟ್ಟಿಯಾಗಿದ್ದಾರೆ ಅಂತ. ಆದ್ರೆ ಅವಳು ತಟ್ಟೆಗೆ ಬಾಯಿ ಹಾಕಿ ಎಷ್ಟೋ ದಿನ ಆಗಿತ್ತು, ನಾನು ಬಾಯಿಗೆ ಇಟ್ರೆ ನುಂಗೋಳು ಅಷ್ಟೆ. ಅದು ಹಸಿವಲ್ಲ, ನನ್ನ ಮಾತು ತೆಗೆದುಹಾಕದೇ ಇರೋದು.

ಅವತ್ತು ರಾತ್ರಿ ಫ್ರಿಜ್ ಮೇಲಿನ ಚೀಟಿ ಕಿತ್ತು, ಅಮ್ಮನ್ನ ಪಕ್ಕ ಕೂರಿಸ್ಕೊಂಡು ಮತ್ತೆ ಏಳೂ ಪ್ರಶ್ನೆ ಕೇಳಿದೆ. ಅಂಕ ಹಾಕೋದು ಅಮ್ಮನಿಗೆ ಬರಲ್ಲ, ಹತ್ತು ಅಂದ್ರೆ ಚೆನ್ನಾಗಿದ್ದಾಗಿನ ಕೆಂಚಿ, ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಹೇಳಿದ್ಮೇಲೆ ಪಟಪಟ ಹೇಳಿದ್ರು. ಇಪ್ಪತ್ತೊಂಬತ್ತು ಬಂತು. ನಲವತ್ತನಾಲ್ಕು ಹಾಕಿದವನು ನಾನು, ಒಂದೂವರೆ ತಿಂಗಳ ಹಿಂದೆ. ನಡುವೆ ರೋಗ ಸ್ವಲ್ಪ ಏರಿತ್ತು ನಿಜ, ಆದ್ರೆ ಹದಿನೈದು ಅಂಕದಷ್ಟು ಏರಿರಲಿಲ್ಲ. ಆ ಪಟ್ಟಿ ತಪ್ಪಲ್ಲ, ತುಂಬಾ ಉಪಯೋಗದ್ದು, ನಾನು ಎಲ್ಲರಿಗೂ ಹೇಳ್ತೀನಿ. ಆದ್ರೆ ಅಂಕ ಹಾಕೋರು ದಿನದ ಯಾವ ಹೊತ್ತಲ್ಲಿ ನಾಯಿನ ನೋಡಿದಾರೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ನಾಯಿ ಯಾರನ್ನ ತುಂಬಾ ಹಚ್ಕೊಂಡಿರುತ್ತೋ ಅವರಿಗೇ ಅದರ ನಿಜ ಸ್ಥಿತಿ ಕಡಿಮೆ ಕಾಣುತ್ತೆ. ಕೆಲಸಕ್ಕೆ ಹೋಗೋರು ಮನೇಲಿರೋ ಅಮ್ಮನ್ನ, ಅತ್ತೆನ, ಮನೆಕೆಲಸಕ್ಕೆ ಬರೋ ಅಕ್ಕನ್ನ ಕೇಳಬೇಕು. ಅವರು ತಾವಾಗೇ ಹೇಳಲ್ಲ. ನಮ್ಮಮ್ಮ ಒಂದು ತಿಂಗಳು ಚುಕ್ಕೆ ಇಟ್ಟು ಸುಮ್ಮನಿದ್ರು, ನನ್ನ ಗೀಟಿನ ಮೇಲೆ ಮಾತಾಡೋಕೆ ಮನಸ್ಸು ಬಂದಿರಲಿಲ್ಲ.

ಡಾಕ್ಟರು ಇನ್ನೊಂದು ಕೆಲಸ ಹೇಳಿದ್ರು, ಕೆಂಚಿಗೆ ಮಾತ್ರ ಸೇರಿದ ಖುಷಿಗಳು ಯಾವ್ಯಾವು ಬರೀರಿ, ಎಲ್ಲ ನಾಯಿದಲ್ಲ, ಇವಳದ್ದು. ಬರೆದ್ವಿ. ಬೆಳಿಗ್ಗೆ ಹಾಲಿನ ಹುಡುಗನ ಸೈಕಲ್ಲಿಗೆ ಗೇಟಿನ ಹತ್ರ ಕಾಯೋದು. ಹೊಸ್ತಿಲ ಮೇಲೆ ಗದ್ದ ಇಟ್ಟು ಬೀದಿ ನೋಡೋದು. ಅಮ್ಮ ತುರಿಮಣೆ ತೆಗೆದ ತಕ್ಷಣ ಎಲ್ಲಿದ್ರೂ ಬಂದು ಪಕ್ಕ ಕೂತು ಕಾಯಿಚೂರಿಗೆ ಬಾಯಿ ತೆಗೆಯೋದು. ಸಾಯಂಕಾಲ ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಕೆದಕಿ ಬೆನ್ನು ಉಜ್ಜೋದು. ಊರಿಗೆ ಹೋದಾಗ ಗದ್ದೆ ಬದು ಮೇಲೆ ಮುಂದೆ ಮುಂದೆ ಓಡೋದು. ಐದರಲ್ಲಿ ಉಳಿದಿದ್ದು ಹೊಸ್ತಿಲು ಒಂದೇ, ಅದೂ ಗದ್ದ ಇಡೋಕೆ ಮಲಗಬೇಕಲ್ಲ. ತುರಿಮಣೆ ಸದ್ದು ಅವಳಿಗೆ ಕೇಳಿಸ್ತಿರಲಿಲ್ಲ, ಅಮ್ಮ ಒಂದು ದಿನ ತುರಿಮಣೆನೇ ಎತ್ಕೊಂಡು ಹೋಗಿ ಅವಳ ಮುಂದೆ ಕೂತು ಕಾಯಿ ತುರಿದ್ರು. ವಾಸನೆ ನೋಡಿ ಮುಖ ಆಚೆ ತಿರುಗಿಸಿದ್ಲು.

ಹೀಗೆಲ್ಲ ಇದ್ರೂ ಸೂಜಿ ಹಾಕಿಸಿ ಕಳಿಸಿಕೊಡೋ ಮಾತು ಎತ್ತೋಕೆ ನನಗೆ ಸೆಪ್ಟೆಂಬರ್ ಕೊನೆ ಆಯ್ತು. ಅಮ್ಮ ಬೇಡ ಅಂತಾರೆ ಅಂತ ಗೊತ್ತಿತ್ತು, ಅಂದ್ರು ಕೂಡ. ನಾಯಿ ಭೈರವನ ವಾಹನ, ಚುಂಚನಗಿರಿಗೆ ನಡ್ಕೊಳ್ಳೋ ಮನೆ ನಮ್ಮದು, ಹಣೇಲಿ ಬರೆದಷ್ಟು ದಿನ ಇದ್ದು ಹೋಗ್ಲಿ ಅಂತ. ನಾನು ಕಾನೂನು ಹೇಳೋಕೆ ಹೋದೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೇ ಬದುಕಿಸಿಡೋದೇ ಕ್ರೌರ್ಯ ಆಗೋ ಸ್ಥಿತಿ ಅಂತ ಒಂದಿದೆ ಅಂತ ಒಪ್ಪಿಕೊಂಡಿದಾರಮ್ಮ ಅಂತ. ಅಮ್ಮ ಕೇಳಿಸ್ಕೊಂಡ್ರು, ಏನೂ ಹೇಳಲಿಲ್ಲ. ಕಾಯ್ದೆ ಹೇಳಿ ಅಮ್ಮನ್ನ ಒಪ್ಪಿಸೋಕೆ ಹೊರಟಿದ್ದು ನೆನಪಾದ್ರೆ ಈಗಲೂ ಬೇಜಾರಾಗುತ್ತೆ.

ಆ ವಾರ ರಾತ್ರಿಗಳಲ್ಲಿ ಅವಳು ಮೂಲೆಗೆ ಮುಖ ಮಾಡ್ಕೊಂಡು ನಿಲ್ಲೋಳು, ಹಿಂದೆ ಬರೋಕೆ ಗೊತ್ತಾಗದೆ. ಮುದಿ ನಾಯಿಗಳಿಗೂ ಮನುಷ್ಯರ ಹಾಗೇ ಮರೆವಿನ ಕಾಯಿಲೆ ಬರುತ್ತೆ, ಹಗಲು ರಾತ್ರಿ ಅದಲುಬದಲಾಗುತ್ತೆ. ಅವಳನ್ನ ತಿರುಗಿಸಿ ಕರ್ಕೊಂಡು ಬಂದು ತೊಡೆ ಮೇಲೆ ಒರಗಿಸ್ಕೊಂಡು ಕೂತಾಗ ನನಗೆ ಆತಕೂರಿನ ಕಾಳಿ ನೆನಪಾಗ್ತಿದ್ಲು. ನಮ್ಮೂರಿಂದ ಆತಕೂರು ದೂರ ಇಲ್ಲ, ಚಿಕ್ಕವನಿದ್ದಾಗ ಅಪ್ಪ ಹೇಳ್ತಿದ್ರು. ಸಾವಿರ ವರ್ಷಕ್ಕೂ ಹಿಂದೆ, 949-50ರಲ್ಲಿ, ಗಂಗರ ದೊರೆ ಬೂತುಗನ ಬೇಟೆನಾಯಿ ಕಾಳಿನ ಮಣಲೇರ ಅನ್ನೋ ವೀರ ಬೇಡಿ ಪಡೆದಿದ್ದ, ಅದು ಕಾಡುಹಂದಿ ಜೊತೆ ಹೋರಾಡಿ ಹಂದಿನೂ ನಾಯಿನೂ ಎರಡೂ ಸತ್ತವು, ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ಭೂಮಿ ಬಿಟ್ರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆ ಮ್ಯೂಸಿಯಮ್ಮಿನಲ್ಲಿದೆ, ಹಂದಿ ನಾಯಿ ಎದುರುಬದುರಾಗಿ ಹೋರಾಡೋ ಚಿತ್ರ ಕಡೆದಿದಾರೆ. ಕಾಳಿದು ಒಂದು ಗಳಿಗೆಯ ಸಾವು, ಯಾರೂ ಏನೂ ತೀರ್ಮಾನ ಮಾಡಬೇಕಾಗಿರಲಿಲ್ಲ. ಕಾಳಿ ಬದುಕಿದ್ದು, ಹಲ್ಲು ಬಿದ್ದು, ಮೂಲೆಗೆ ಮುಖ ಮಾಡಿ ನಿಂತಿದ್ರೆ ಮಣಲೇರ ಏನ್ ಮಾಡ್ತಿದ್ದ? ರಾತ್ರಿ ಮೂರು ಗಂಟೆಗೆ ಇಂಥವೇ ತಲೆಗೆ ಬರೋವು.

ಅಕ್ಟೋಬರ್ 2 ಮಹಾಲಯ ಅಮಾವಾಸ್ಯೆ. ಅಪ್ಪನಿಗೆ ಎಡೆ ಇಟ್ವಿ. ಅಪ್ಪ 2016ರಲ್ಲಿ ಲಕ್ವ ಹೊಡೆದು ಐದು ತಿಂಗಳು ಮಲಗಿದಲ್ಲೇ ಇದ್ದು ಹೋದರು, ಅಷ್ಟೂ ದಿನ ಅಮ್ಮನೇ ನೋಡ್ಕೊಂಡಿದ್ದು. ಎಡೆ ಮುಗಿದ್ಮೇಲೆ ಅಮ್ಮ ಬಾಡಿನ ಸಾರಿನಲ್ಲಿ ಅನ್ನ ಹಿಸುಕಿ ಕೆಂಚಿ ಹತ್ರ ತಗೊಂಡು ಹೋದ್ರು, ಪಥ್ಯ ಅಂತ ನಾನು ತಡೆಯಲಿಲ್ಲ. ಅವಳು ಮೂಸಿ ನೋಡಿ ಸುಮ್ಮನಾದ್ಲು. ಅಮ್ಮ ಬಹಳ ಹೊತ್ತು ಅಲ್ಲೇ ಕೂತಿದ್ದು ಎದ್ದು ಬಂದು ಹೇಳಿದ್ರು:

"ನಿಮ್ಮಪ್ಪ ನೋವು ನೋವು ಅಂತ ಬಾಯ್ಬಿಟ್ಟು ಹೇಳೋರು, ನಾನು ಕಾಲು ಒತ್ತುತ್ತಿದ್ದೆ. ಇವ್ಳು ಯಾರಿಗೆ ಹೇಳ್ತಾಳೆ. ಡಾಕ್ಟರಿಗೆ ಫೋನ್ ಮಾಡು."

ಶನಿವಾರ 5ನೇ ತಾರೀಕು ಡಾಕ್ಟರು ಮನೆಗೇ ಬಂದ್ರು. ಆಸ್ಪತ್ರೆ ವಾಸನೆ ಬೇಡ ಅಂತ ನಾನು ಕೇಳ್ಕೊಂಡಿದ್ದೆ. ನಾನು ಗೇಟ್ ತೆಗೆದು ಅವರನ್ನ ಕರ್ಕೊಂಡು ಬಂದಾಗ ಅವಳು ಎಂದಿನಂತೆ ಎದ್ದು ಬಾಲ ಅಲ್ಲಾಡಿಸ್ಕೊಂಡು ಬಂದ್ಲು, ಇಷ್ಟು ದಿನ ನಂಬಿದ್ದ ಅದೇ ಬಾಲ. ನಾನು ಇವತ್ತು ಬೇಡ ಅಂತ ಬಾಯಿ ತೆಗೆದಿದ್ದೆ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತಿದ್ರು, ನನ್ನನ್ನ ನೋಡಿದ್ರು, ಅಷ್ಟೆ. ಮೊದಲು ಮಂಪರಿನ ಇಂಜೆಕ್ಷನ್. ಐದಾರು ನಿಮಿಷಕ್ಕೆ ಹಿಂಗಾಲು ತಾನಾಗೇ ಸಡಿಲವಾಗಿ ಹೊಸ್ತಿಲ ಮೇಲೆ ಗದ್ದ ಇಟ್ಟು ಮಲಗಿದ್ಲು, ಎಷ್ಟೋ ವಾರದ ಮೇಲೆ ನಡುಗದೆ ಮಲಗಿದ್ದು. ಆಮೇಲೆ ಮುಂಗಾಲಿನ ನರಕ್ಕೆ ಎರಡನೇದು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಹೋಗಿದೆ ಅಂದ್ರು. ಕಣ್ಣು ಮುಚ್ಚಲ್ಲ, ತೆರೆದೇ ಇರುತ್ತೆ ಅಂತ ಮೊದಲೇ ಹೇಳಿದ್ದಕ್ಕೆ ನಾನು ಗಾಬರಿಯಾಗಲಿಲ್ಲ. ಮಧ್ಯಾಹ್ನ ಅಮ್ಮನ ಹಳೇ ಹತ್ತಿ ಸೀರೆಯಲ್ಲಿ ಸುತ್ತಿ ಊರಿಗೆ ಒಯ್ದು, ಗದ್ದೆ ಬದುವಿನ ತೆಂಗಿನಮರದ ಪಕ್ಕ ಚಿಕ್ಕಪ್ಪನ ಜೊತೆ ಹಾರೆ ಹಿಡಿದು ಗುಂಡಿ ತೋಡಿ, ಉಪ್ಪು ಹಾಕಿ ಮಣ್ಣು ಮಾಡಿದ್ವಿ.

ಬೇಗ ಮಾಡಿಬಿಟ್ಟೆನಾ ಅಂತ ನನಗೆ ಒಂದು ದಿನವೂ ಅನ್ನಿಸಿಲ್ಲ. ಆಗಸ್ಟಿನ ಹತ್ತೊಂಬತ್ತು ಚುಕ್ಕೆ, ಸೆಪ್ಟೆಂಬರಿನ ಇಪ್ಪತ್ತಾರು ಚುಕ್ಕೆ ನೋಡಿದ್ರೆ ಒಂದು ತಿಂಗಳು ತಡ ಮಾಡಿದೆ ಅಂತಲೇ ಅನ್ನಿಸೋದು. ಆ ಒಂದು ತಿಂಗಳು ಅವಳು ಒರಳಿಗೆ ಒರಗಿ ನಿಂತೇ ನಿದ್ದೆ ಮಾಡಿದ್ಲು.

ಅಕ್ಟೋಬರ್ ಕೊನೆಗೆ ಹಾಲಿನ ಲೆಕ್ಕ ಕೂಡೋಕೆ ಕೂತೆ. ಕೆಂಚಿ ಇದ್ದಾಗ ದಿನಕ್ಕೆ ಮೂರು ಪ್ಯಾಕೆಟ್, ಎರಡು ನಮಗೆ, ಒಂದು ಅವಳಿಗೆ. ಕಿಡ್ನಿ ಪಥ್ಯ ಶುರುವಾಗಿ ಅವಳ ಹಾಲು ಮೊಸರು ಕಮ್ಮಿಯಾದ್ಮೇಲೂ ಅಮ್ಮ ಮೂರೇ ತಗೋತಿದ್ರು. ಐದನೇ ತಾರೀಕಿಗೆ 3 ಇತ್ತು. ಆರಕ್ಕೆ 3. ಏಳಕ್ಕೆ 3. ಚುಕ್ಕೆಗಳಿಲ್ಲ, ನನ್ನ ಗೀಟುಗಳಿಲ್ಲ, ಮೂವತ್ತೊಂದರವರೆಗೂ ಒಂದೊಂದು ಚೌಕದಲ್ಲೂ ಅಮ್ಮನ ಕೈಬರಹದ 3. ತೊಂಬತ್ಮೂರು ಪ್ಯಾಕೆಟ್ಟಿನ ದುಡ್ಡು ಎಣಿಸಿ ಹಾಲಿನ ಹುಡುಗನಿಗೆ ಕೊಟ್ಟೆ.